ಆದುದರಿಂದ ಇಲ್ಲಿ ಹಾಸ್ಯವುಂಟು

ಲ್ಯಾಟಿನ್ ಮೇಷ್ಟ್ರು ಆ ಭಾಷೆಯನ್ನು ಹಿಡಿದದ್ದು ಜ್ಞಾನದಾಹದಿಂದ ಎಂದು ಅವರ ನಿವೃತ್ತಿಯ ದಿನ ಪ್ರಿನ್ಸಿಪಾಲರು ಭಾಷಣ ಮಾಡಿದರು. ಮೇಷ್ಟ್ರು ತಲೆಬಾಗಿಸಿ ಒಪ್ಪಿಕೊಂಡರು. ನಿಜ ಸಂಗತಿ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಕಾಲೇಜು ಸೇರುವ ದಿನ ಎಲ್ಲ ವಿಷಯಗಳ ಮೇಜಿನ ಮುಂದೆಯೂ ಉದ್ದುದ್ದ ಸಾಲು ನಿಂತಿತ್ತು. ಲ್ಯಾಟಿನ್ ಮೇಜಿನ ಮುಂದೆ ಮಾತ್ರ ಒಂದು ಕುರ್ಚಿ ಖಾಲಿ ಇತ್ತು. ಹೊಸ ಬೂಟು ಕಾಲನ್ನು ಕಚ್ಚಿ ಹಿಡಿದಿತ್ತು. ಕೂತರು. ಕೂತವರು ಆಮೇಲೆ ಏಳಲೇ ಇಲ್ಲ.

ಓದು ಮುಗಿಸಿ ಅದೇ ಕಾಲೇಜಿನಲ್ಲಿ ಮೇಷ್ಟ್ರಾದರು, ಕಾಲಕ್ರಮದಲ್ಲಿ ವಿಭಾಗದ ಮುಖ್ಯಸ್ಥರೂ ಆದರು. ವಿಭಾಗದಲ್ಲಿ ಅವರನ್ನು ಬಿಟ್ಟರೆ ಇದ್ದದ್ದು ಒಂದು ಬೀರು, ಒಂದು ಮೇಜು, ಮೇಜಿನ ಮೇಲೆ ಜವಾನನನ್ನು ಕರೆಯುವ ಒಂದು ಹಿತ್ತಾಳೆ ಗಂಟೆ. ಗಂಟೆ ಬಾರಿಸಿದರೆ ಜವಾನ ಬರುತ್ತಿರಲಿಲ್ಲ. ಪಕ್ಕದ ಕೋಣೆಯ ವಾಣಿಜ್ಯದವರು ತಲೆ ಹಾಕಿ, "ಸ್ವಲ್ಪ ಮೆಲ್ಲಗೆ ಸಾರ್" ಅನ್ನುತ್ತಿದ್ದರು. ಹಾಗಂತ ಮೇಷ್ಟ್ರು ನಿಯಮ ಬಿಟ್ಟವರಲ್ಲ. ತಿಂಗಳಿಗೊಮ್ಮೆ ವಿಭಾಗದ ಸಭೆ ಕರೆಯುವರು. ಒಬ್ಬರೇ ಕೂತು ಗೊತ್ತುವಳಿ ಮಂಡಿಸಿ, ಒಬ್ಬರೇ ಅನುಮೋದಿಸಿ, ಸರ್ವಾನುಮತದಿಂದ ಅಂಗೀಕಾರವಾಯಿತೆಂದು ಬರೆದಿಡುವರು. ಒಮ್ಮೆ ಮಾತ್ರ, ಪಠ್ಯ ಬದಲಿಸುವ ವಿಚಾರದಲ್ಲಿ, ಭಿನ್ನಾಭಿಪ್ರಾಯ ತಲೆದೋರಿ ಸಭೆಯನ್ನು ಮುಂದೂಡಬೇಕಾಯಿತು.

ವಿದ್ಯಾರ್ಥಿಗಳು ಬರಬರುತ್ತ ಕಡಿಮೆಯಾದರು. ಆದರೆ ಊರಿಗೆ ಲ್ಯಾಟಿನ್ ಬೇಡವಾಗಿತ್ತು ಎಂದರೆ ತಪ್ಪಾದೀತು. ಈಜುಕೊಳದವರು, ಅಗ್ನಿಶಾಮಕ ದಳದವರು, ತಮ್ಮ ಬೋರ್ಡಿನ ಕೆಳಗೆ ಯಾರಿಗೂ ಅರ್ಥವಾಗದ ಒಂದು ಘನವಾದ ಸಾಲು ಬೇಕೆಂದು ಆಗಾಗ ಬರುತ್ತಿದ್ದರು. ಮುಖ್ಯರಸ್ತೆಯ ಲಾಂಡ್ರಿಯವನಿಗೆ ಮೇಷ್ಟ್ರು "ಕೊಳೆಯಿಂದ ಬೆಳಕಿಗೆ" ಎಂಬರ್ಥದ ಸಾಲು ಬರೆದುಕೊಟ್ಟರು. ಬೋರ್ಡು ಬರೆಯುವವನು ಒಂದು ಅಕ್ಷರ ನುಂಗಿಬಿಟ್ಟ. ಇಡೀ ಊರಲ್ಲಿ ಆ ತಪ್ಪು ಕಂಡದ್ದು ಒಬ್ಬರಿಗೆ. ಆ ಒಬ್ಬರು ಒಂದು ಭಾನುವಾರ ಏಣಿ, ಬಣ್ಣದ ಡಬ್ಬಿ ಹಿಡಿದು ಅಂಗಡಿಯ ಮುಂದೆ ಹತ್ತಿ ನಿಂತಾಗ ಜನ ಕಳ್ಳನೆಂದು ಸುತ್ತುವರಿದರು. "ನಾನು ಏನೂ ಕದೀತಿಲ್ಲ, ಕೊಡ್ತಾ ಇದ್ದೀನಿ" ಎಂದು ಮೇಷ್ಟ್ರು ಏಣಿಯ ಮೇಲಿಂದ ಹೇಳಿದ್ದನ್ನು ಯಾರೂ ನಂಬಲಿಲ್ಲ. ಕೊನೆಗೆ ಹೆಂಡತಿ ಬಂದು ಬಿಡಿಸಿಕೊಂಡು ಹೋದಳು. ಆದರೆ ಅಕ್ಷರ ಸೇರಿಸುವವರೆಗೂ ಮೇಷ್ಟ್ರು ಏಣಿ ಇಳಿಯಲಿಲ್ಲ.

ಇಂಥ ಮನುಷ್ಯ ಜೀವಮಾನದ ಕೆಲಸವೆಂದು ಎತ್ತಿಕೊಂಡದ್ದು ಒಂದು ನಗೆನಾಟಕದ ಅನುವಾದವನ್ನು.

ನಾಟಕ ಬರೆದ ರೋಮನ್ನನ ಹೆಸರೂ ಉಳಿದಿಲ್ಲ. ಅದರಲ್ಲಿ ಒಬ್ಬ ಜುಗ್ಗ ಮುದುಕ, ಅವನ ಪೋಲಿ ಮಗ, ಬಾಯಿಬಡುಕ ದಂಡನಾಯಕ, ಇವರೆಲ್ಲರ ಮೂಗಿಗೂ ತುಪ್ಪ ಸವರುವ ಒಬ್ಬ ಚಾಲಾಕಿ ಆಳು. ಮೇಷ್ಟ್ರು ಅದನ್ನು ನಮ್ಮ ಮಾತಿಗೆ ತಂದರು. ತಂದರೇನೋ ನಿಜ, ಆದರೆ ಇಸ್ತ್ರಿ ಹಾಕಿ ತಂದರು. ಮೂಲದಲ್ಲಿ ಆಳು "ಹೌದು ಧಣಿ" ಅಂದಿದ್ದರೆ ಇವರ ಆಳು "ಅಹುದು ಒಡೆಯನೆ, ತಾವು ಅಪ್ಪಣೆ ಕೊಡಿಸಿದಂತೆಯೇ ಸರಿ" ಅನ್ನುತ್ತಿದ್ದ. ಅದೂ ಸಾಲದೆ ಪ್ರತಿಯೊಂದು ನಗೆಮಾತಿಗೂ ಅಡಿಟಿಪ್ಪಣಿ ಇತ್ತು. ಮಾತಿನ ಹಿನ್ನೆಲೆ, ಅದರ ಬಗ್ಗೆ ಪಂಡಿತರ ಜಗಳ, ಜಗಳದಲ್ಲಿ ಮೇಷ್ಟ್ರ ತೀರ್ಪು, ಕೊನೆಗೆ ಮೊಳೆ ಹೊಡೆದ ಹಾಗೆ ಒಂದೇ ವಾಕ್ಯ: "ಆದುದರಿಂದ ಇಲ್ಲಿ ಹಾಸ್ಯವುಂಟು."

"ಎರಡು ಸಾವಿರ ವರ್ಷದ ಹಳೇ ನಗು ಕಣೇ ಇದು," ಎಂದು ಅವರು ಹೆಂಡತಿಗೆ ತಿಳಿಹೇಳಿದರು. "ಗಾಜಿನ ಸಾಮಾನು ಇದ್ದ ಹಾಗೆ. ಹುಲ್ಲು ಸುತ್ತದೆ ಕಳಿಸಿದ್ರೆ ದಾರೀಲೇ ಒಡೆದುಹೋಗುತ್ತೆ."

ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದ ಹೆಂಡತಿ ಹಸ್ತಪ್ರತಿಯ ಕಡೆ ನೋಡಿದಳು. ಅದು ಊಟದ ಮೇಜನ್ನು ಬಿಟ್ಟು ಕಿಟಕಿಯ ಕಟ್ಟೆಗೂ, ಅಲ್ಲಿಂದ ಅವಳ ಹೊಲಿಗೆ ಯಂತ್ರದ ಮುಚ್ಚಳದ ಮೇಲಕ್ಕೂ ವಲಸೆ ಬಂದಿತ್ತು.

"ಇದೇನ್ರೀ ಇದು," ಅಂದಳು. "ನಾಟಕ ಮದುಮಗಳ ಥರ ಒಂದು ಮೂಲೇಲಿ ಮುದುರಿ ಕೂತಿದೆ. ಟಿಪ್ಪಣಿ ಬೀಗರ ಕಡೆಯವರ ಥರ ಮನೆಯೆಲ್ಲ ತುಂಬ್ಕೊಂಡಿದೆ."

ಮೇಷ್ಟ್ರು ಅದನ್ನು ಮೆಚ್ಚುಗೆ ಎಂದುಕೊಂಡರು.

ಊರಲ್ಲಿದ್ದದ್ದು ಒಂದೇ ಪ್ರೆಸ್ಸು. ಅದರ ಯಜಮಾನ ಮದುವೆ ಪತ್ರಿಕೆ, ಪರೀಕ್ಷೆಯ ಗೈಡು ಅಚ್ಚು ಹಾಕುವವನು. ಮೇಷ್ಟ್ರ ತಲೆಗೂದಲು ಕಪ್ಪಗಿದ್ದ ಕಾಲದಿಂದ "ನೋಡೋಣ ಮೇಷ್ಟ್ರೇ" ಎಂದು ಸಾಗಹಾಕುತ್ತ ಬಂದಿದ್ದ. ನಿವೃತ್ತಿಯಾದ ಮೇಲೆ ಮೇಷ್ಟ್ರು ದಿನಾ ಹೋಗಿ ಕೂರತೊಡಗಿದರು. ಒಂದು ದಿನ ಯಜಮಾನ ಕನ್ನಡಕ ತೆಗೆದಿಟ್ಟು ನೇರವಾಗಿ ಹೇಳಿಬಿಟ್ಟ.

"ನೋಡಿ, ನಾನು ಪ್ರೆಸ್ ಮುಚ್ಚಿ ಮಗಳ ಮನೆಗೆ ಹೋಗೋನಿದ್ದೀನಿ. ಜಾಗ ಕೊಳ್ಳೋನು ಗೋಣಿಚೀಲ ಹಾಕೋ ಗೋದಾಮು ಮಾಡ್ತಾನಂತೆ. ಅದಕ್ಕೂ ಮುಂಚೆ ಇನ್ನೊಂದು ಪುಸ್ತಕ ಹಾಕಬಹುದು. ಟಿಪ್ಪಣಿ ತೆಗೀರಿ, ನಿಮ್ಮದೇ ಹಾಕ್ತೀನಿ."

"ಟಿಪ್ಪಣಿ ತೆಗೆದ್ರೆ ಜನ ನಗೋದು ಹೇಗೆ?"

"ಟಿಪ್ಪಣಿ ಇದ್ರೆ ನಗ್ತಾರಾ?"

"ನಗಲೇಬೇಕು," ಎಂದರು ಮೇಷ್ಟ್ರು. "ಬೇರೆ ದಾರಿನೇ ಇಲ್ಲ. ಕಾರಣ ಕೊಟ್ಟಿದ್ದೀನಲ್ಲ."

ಯಜಮಾನ ಕನ್ನಡಕವನ್ನು ಮತ್ತೆ ಹಾಕಿಕೊಂಡ. "ಹಾಗಾದ್ರೆ ಒಂದು ಕೆಲಸ ಮಾಡಿ. ನಾಟಕ ಆಡಿಸಿ, ಟಿಪ್ಪಣಿ ಸಮೇತ. ನಾನು ಬಂದು ಮುಂದಿನ ಸಾಲಲ್ಲಿ ಕೂರ್ತೀನಿ. ಜನ ನಕ್ಕರೆ ಇದ್ದದ್ದು ಇದ್ದ ಹಾಗೆ ಅಚ್ಚು ಹಾಕ್ತೀನಿ. ನಗದಿದ್ರೆ ನೀವು ಇನ್ನು ಈ ಮೆಟ್ಟಿಲು ಹತ್ತಬಾರದು."

ಮನುಷ್ಯ ಹಗುರವಾಗಿ ಅಂದ ಮಾತು. ಮೇಷ್ಟ್ರಿಗೆ ಮಾತ್ರ ಅದು ಹಗುರವಾಗಿರಲಿಲ್ಲ. ಇದು ತಪ್ಪಿದರೆ ಜೀವಮಾನದ ದುಡಿತ ಹೊಲಿಗೆ ಯಂತ್ರದ ಮುಚ್ಚಳದ ಮೇಲೇ ಉಳಿದು, ಒಂದು ದಿನ ಅಳತೆಯ ಕಾಗದವಾಗಿ ಕತ್ತರಿಯ ಬಾಯಿಗೆ ಬೀಳುತ್ತದೆ. ಹೆಂಡತಿಯ ಕ್ಲಾಸಿನ ಹುಡುಗಿಯರು ಆಗಲೇ ಆ ಕಾಗದದ ಮೇಲೆ ಕಣ್ಣಿಟ್ಟಿದ್ದರು.

ನಟರನ್ನು ಒಟ್ಟುಹಾಕಿದ್ದು ಬಾಮೈದ. ಹೆಂಡತಿಯ ತಮ್ಮನಾದ ಈತ ಹಲ್ಲಿನ ಡಾಕ್ಟರು. ದಿನವಿಡೀ ಉತ್ತರ ಕೊಡಲಾಗದ ಜನರ ಜೊತೆ ಮಾತಾಡಿ ಮಾತಾಡಿ ಅವನ ಬಾಯಿಗೆ ಬೀಗವೇ ಇರಲಿಲ್ಲ. ಆಳಿನ ಪಾತ್ರ ಅವನಿಗೆ. ದಂಡನಾಯಕನಿಗೆ ಅಂಚೆ ಕಚೇರಿಯ ಗುಮಾಸ್ತ, ಜುಗ್ಗ ಮುದುಕನಿಗೆ ಗ್ರಂಥಾಲಯದ ಮುಖ್ಯಸ್ಥ. ಗ್ರಂಥಾಲಯದ ಸಭಾಂಗಣ ಅವನ ಕೈಯಲ್ಲಿತ್ತಾದ್ದರಿಂದ ಆ ಪಾತ್ರವನ್ನು ಬೇರೆಯವರಿಗೆ ಕೊಡುವ ಹಾಗಿರಲಿಲ್ಲ. ಮೇಷ್ಟ್ರ ಹೆಂಡತಿ ಹಳೆಯ ಪರದೆಗಳನ್ನು ಕತ್ತರಿಸಿ ರೋಮನ್ನರ ನಿಲುವಂಗಿ ಹೊಲಿದಳು. ದೊಡ್ಡ ದೊಡ್ಡ ಗುಲಾಬಿ ಹೂವಿದ್ದ ಪರದೆ ದಂಡನಾಯಕನಿಗೆ ಬಂತು.

"ರೋಮನ್ ದಂಡನಾಯಕರು ಹೂವಿನ ಬಟ್ಟೆ ಹಾಕ್ತಿರಲಿಲ್ಲ," ಎಂದರು ಮೇಷ್ಟ್ರು.

"ನೀವೇನು ನೋಡಿದ್ರಾ?" ಎಂದಳು ಹೆಂಡತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ತಾಲೀಮು ಬಾಮೈದನ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಟಿಪ್ಪಣಿಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಮೊದಲ ದಿನವೇ ಎದ್ದಿತು.

"ಭಾವ, ಒಂದು ಹಾಳೆಯಲ್ಲಿ ಬರೆದು ಬಾಗಿಲಲ್ಲಿ ಹಂಚಿಬಿಡೋಣ," ಎಂದ ಬಾಮೈದ.

"ಕತ್ತಲಲ್ಲಿ ಯಾರು ಓದ್ತಾರೆ? ಓದೋ ಹೊತ್ತಿಗೆ ನಗೋ ಸಮಯ ದಾಟಿಹೋಗಿರುತ್ತೆ. ಟಿಪ್ಪಣಿ ಆಯಾ ಜಾಗದಲ್ಲೇ ಬರಬೇಕು."

ಕೊನೆಗೆ ಆದ ರಾಜಿ ಹೀಗಿತ್ತು. ರಂಗದ ಒಂದು ಬದಿಯಲ್ಲಿ ಮೇಷ್ಟ್ರು ಸ್ಟ್ಯಾಂಡಿನ ಹಿಂದೆ ಕೋಟು ಹಾಕಿ ನಿಲ್ಲುವುದು. ನಗೆಮಾತು ಬಂದ ಕೂಡಲೇ ವಿಭಾಗದ ಹಿತ್ತಾಳೆ ಗಂಟೆಯನ್ನು ಒತ್ತುವುದು. ನಟರು ಇದ್ದಲ್ಲೇ ಕಲ್ಲಾಗುವುದು. ಮೇಷ್ಟ್ರು ಟಿಪ್ಪಣಿ ಓದುವುದು. ಓದಿ ಮುಗಿದ ಮೇಲೆ ಮತ್ತೆ ಗಂಟೆ; ಕಲ್ಲುಗಳಿಗೆ ಜೀವ.

"ಕಾಲೆತ್ತಿರುವಾಗ ಗಂಟೆ ಆದ್ರೆ?" ಎಂದು ಗುಮಾಸ್ತ ಕೇಳಿದ.

"ಎತ್ತಿದ ಕಾಲು ಎತ್ತಿದ ಹಾಗೇ ಇರಲಿ," ಎಂದರು ಮೇಷ್ಟ್ರು. "ವಿದ್ಯೆಗೋಸ್ಕರ ಅಷ್ಟು ಮಾಡಕ್ಕಾಗಲ್ವಾ?"

ನಾಟಕದ ದಿನ ಸಭಾಂಗಣ ತುಂಬಿತು. ಅರ್ಧಕ್ಕರ್ಧ ಬಾಮೈದನ ರೋಗಿಗಳು. ಬರದಿದ್ದರೆ ಮುಂದಿನ ಸಲ ಸೂಜಿ ಚುಚ್ಚುವಾಗ ನೆನಪಿಟ್ಟುಕೊಂಡಾನು ಎಂಬ ಭಯ. ಮಿಕ್ಕವರು ಹೊಲಿಗೆ ಕ್ಲಾಸಿನ ಹುಡುಗಿಯರು, ಅವರ ತಾಯಂದಿರು. ಮುಂದಿನ ಸಾಲಿನ ನಡುವೆ ಪ್ರೆಸ್ಸಿನ ಯಜಮಾನ ಕೈಕಟ್ಟಿ ಕೂತ. ಸ್ಟ್ಯಾಂಡಿನ ಹಿಂದೆ ಮೇಷ್ಟ್ರು ನಿಂತರು. ಕಾಗದದ ಕಂತೆಯ ಮೇಲೆ ಕನ್ನಡಕ, ಹಣೆ ಅಷ್ಟೇ ಕಾಣುತ್ತಿತ್ತು.

ಪರದೆ ಸರಿಯಿತು. ಗುಲಾಬಿ ಹೂಗಳ ದಂಡನಾಯಕ ಎದೆಯುಬ್ಬಿಸಿ ಬಂದು ಕತ್ತಿ ಮೇಲೆತ್ತಿ ಒಂದು ಕಾಲನ್ನು ಮುಂದಿಟ್ಟ.

"ನನ್ನನ್ನು ಕಂಡ ಅರಿಸೇನೆಯು ಸಾಯಂಕಾಲಪರ್ಯಂತ ಧಾವಿಸಿತು!"

ಆಳು ಕೈಮುಗಿದು, "ಅಹುದು ಒಡೆಯನೆ," ಎಂದ. "ಆದಾಗ್ಯೂ ತಮ್ಮನ್ನು ಹಿಡಿಯಲು ಅದು ಸಮರ್ಥವಾಗಲಿಲ್ಲ."

ಸಭಾಂಗಣದಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲೋ ಹಿಂದೆ ಒಬ್ಬಾಕೆ ಸೀನಿದಳು. ಮೇಷ್ಟ್ರು ಗಂಟೆ ಒತ್ತಿದರು. ಟಿಣ್. ದಂಡನಾಯಕ ಕಲ್ಲಾದ.

"ಇಲ್ಲಿ ಸೇನೆಯು ಓಡಿದ್ದು ಹೆದರಿ ಅಲ್ಲ, ಬೆನ್ನಟ್ಟಿ," ಎಂದು ಮೇಷ್ಟ್ರು ಕೋರ್ಟಿನಲ್ಲಿ ತೀರ್ಪು ಓದುವ ದನಿಯಲ್ಲಿ ಶುರುಮಾಡಿದರು. "ಅದರ ಮುಂದೆ ಓಡುತ್ತಿದ್ದವನು ದಂಡನಾಯಕನೇ ಎಂದು ಆಳಿನ ಮಾತಿನಿಂದ ತಿಳಿಯುತ್ತದೆ. ಸಾಯಂಕಾಲ ಎಂದರೆ ಸೂರ್ಯಾಸ್ತಕ್ಕೆ ಮೊದಲೋ ನಂತರವೋ ಎಂಬಲ್ಲಿ ಇಬ್ಬರು ಪಂಡಿತರಿಗೆ ಮನಸ್ತಾಪವಿದ್ದು, ಅವರು ಕೊನೆಯವರೆಗೂ ಮಾತು ಬಿಟ್ಟಿದ್ದರು. ಓಟದ ದೂರವನ್ನು ಗಮನಿಸಿದರೆ ನಂತರ ಎನ್ನುವುದೇ ಸೂಕ್ತ. ಆದುದರಿಂದ ಇಲ್ಲಿ ಹಾಸ್ಯವುಂಟು."

ಈ ಹೊತ್ತಿಗೆ ಗುಮಾಸ್ತನ ಎತ್ತಿದ ಕೈ ನಡುಗಿ, ಕತ್ತಿ ನಿಧಾನವಾಗಿ ಬಾಗಿ, ಮೂಗಿನ ತುದಿಗೆ ಬಂದು ನಿಂತಿತ್ತು. ಹೊಲಿಗೆ ಕ್ಲಾಸಿನ ಒಬ್ಬ ಹುಡುಗಿ ಕಿಸಕ್ಕೆಂದಳು. ಪಕ್ಕದವಳು ಅವಳನ್ನು ತಿವಿಯಲು ಹೋಗಿ ತಾನೂ ನಕ್ಕಳು. ಎರಡನೆಯ ಟಿಪ್ಪಣಿಗೆ ಒಂದು ಸಾಲು ನಕ್ಕಿತು. ಐದಾರು ಟಿಪ್ಪಣಿ ಕಳೆಯುವಷ್ಟರಲ್ಲಿ, ಗಂಟೆ ಟಿಣ್ ಅಂದರೆ ಸಾಕು, ಸಭಾಂಗಣ ಘೊಳ್ಳೆನ್ನುತ್ತಿತ್ತು. "ಆದುದರಿಂದ" ಎಂದು ಮೇಷ್ಟ್ರು ಬಾಯಿ ತೆಗೆದರೆ ಹಿಂದಿನ ಸಾಲಿನವರು ಮಿಕ್ಕದ್ದನ್ನು ಒಕ್ಕೊರಲಿನಿಂದ ಮುಗಿಸಿಕೊಡುತ್ತಿದ್ದರು.

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ತಾನು ಅಂದುಕೊಂಡದ್ದೇ ನಿಜವಾಯಿತು. ಕಾರಣ ಕೊಟ್ಟರೆ ಜನ ನಗುತ್ತಾರೆ! ಪಾಪ, ಇಷ್ಟು ದಿನ ಅವರಿಗೆ ಕಾರಣ ಕೊಟ್ಟವರೇ ಇರಲಿಲ್ಲ.

ಮಧ್ಯಂತರದಲ್ಲಿ ಯಜಮಾನ ಕಣ್ಣೊರೆಸಿಕೊಳ್ಳುತ್ತ ರಂಗದ ಹಿಂದೆ ಬಂದ.

"ಮೇಷ್ಟ್ರೇ, ನೀವು ಇಂಥ ಕಲಾವಿದರು ಅಂತ ಗೊತ್ತೇ ಇರಲಿಲ್ಲ. ಆ ಟಿಪ್ಪಣಿ ಓದೋ ಪೆದ್ದು ಪಂಡಿತನ ಪಾತ್ರ ಇದೆಯಲ್ಲ, ಅದನ್ನ ಬರೆದಿದ್ದು ರೋಮನ್ನನೋ ನೀವೋ? ಮುಖದ ಒಂದು ಗೆರೆ ಅಲ್ಲಾಡಲ್ಲ ನೋಡಿ! ದ್ವಿತೀಯಾರ್ಧವೂ ಹೀಗೇ ಹೋದ್ರೆ ನಾಳೆನೇ ಕೆಲಸ ಶುರು."

ಅವನು ಹೋದ ಮೇಲೆ ಮೇಷ್ಟ್ರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದರು. ಹೆಂಡತಿ ದಂಡನಾಯಕನ ಹರಿದ ಕಂಕುಳಿಗೆ ಹೊಲಿಗೆ ಹಾಕುತ್ತಿದ್ದಳು.

"ಇವಳೇ, ಅವರು ನಗ್ತಿರೋದು ನಾಟಕಕ್ಕಾ, ನನಗಾ?"

ಹೆಂಡತಿ ದಾರ ಕಚ್ಚಿ ತುಂಡುಮಾಡಿದಳು. "ನಿಮಗೆ."

"ನಿನಗೆ ಮೊದಲೇ ಗೊತ್ತಿತ್ತಾ?"

"ಗಂಟೆ ಇಡೋಣ ಅಂದ ದಿನದಿಂದ."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಓದೋದು ನಿಲ್ಲಿಸ್ತಿದ್ರಿ. ಪುಸ್ತಕ ಬರ್ತಿರಲಿಲ್ಲ. ನನ್ನ ಹೊಲಿಗೆ ಯಂತ್ರ ಖಾಲಿ ಆಗ್ತಿರಲಿಲ್ಲ." ಆಮೇಲೆ ದನಿ ತಗ್ಗಿಸಿ ಸೇರಿಸಿದಳು. "ಓದಿ ಬನ್ನಿ. ನಿಮ್ಮನ್ನ ನೋಡಿ ಜನ ನಗೋದು ಇದೇ ಮೊದಲಾ?"

ಆ ಕಡೆಯ ಮಾತು ಸಮಾಧಾನವೋ ಬೈಗುಳವೋ ಎಂದು ಯೋಚಿಸಲು ವ್ಯವಧಾನವಿರಲಿಲ್ಲ. ಸ್ಟ್ಯಾಂಡನ್ನು ಬಿಟ್ಟು ಮನೆಗೆ ಹೋಗಿಬಿಡಲೇ ಎಂದುಕೊಂಡರು. ಹೋದರೆ ಮಾನ ಉಳಿಯುತ್ತದೆ, ಪುಸ್ತಕ ಉಳಿಯುವುದಿಲ್ಲ. ಮೇಷ್ಟ್ರು ಮಾನವನ್ನು ಗಾಳಿಗೆ ತೂರಲು ನಿಶ್ಚಯಿಸಿದರು. ಅಷ್ಟೇ ಅಲ್ಲ, ತೂರುವುದಾದರೆ ಚೆನ್ನಾಗಿಯೇ ತೂರೋಣ ಎಂದುಕೊಂಡರು. ಜನಕ್ಕೆ ವಿದೂಷಕ ಬೇಕಲ್ಲವೇ, ಇರಲಿ.

ದ್ವಿತೀಯಾರ್ಧದ ಮೊದಲ ಗಂಟೆಯಾಯಿತು. ಮೇಷ್ಟ್ರು ಕಂತೆಯ ಮೇಲಿಂದ ತಲೆ ಹೊರಚಾಚಿ, ಹುಬ್ಬು ಕುಣಿಸಿ, ಹಾಡಿನ ಧಾಟಿಯಲ್ಲಿ ಟಿಪ್ಪಣಿ ಓದಿದರು. "ಹಾಸ್ಯವುಂಟು" ಎನ್ನುವಾಗ ಕಣ್ಣು ಹೊಡೆದರು. ಜೀವನದಲ್ಲಿ ಮೊದಲ ಸಲ ಹೊಡೆದದ್ದರಿಂದ ಎರಡೂ ಕಣ್ಣು ಒಟ್ಟಿಗೇ ಮುಚ್ಚಿದವು.

ಯಾರೂ ನಗಲಿಲ್ಲ.

ಮುಂದಿನ ಟಿಪ್ಪಣಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಅದರ ಮುಂದಿನದಕ್ಕೆ ಕೋಳಿ ಕೂಗಿದ ಹಾಗೆ ಒಂದು ಶಬ್ದ ಮಾಡಿದರು. ಹೊಲಿಗೆ ಕ್ಲಾಸಿನ ಹುಡುಗಿಯರು ಮೇಷ್ಟ್ರಿಗೆ ಮೈ ಸರಿಯಿಲ್ಲವೇನೋ ಎಂದು ಅವರ ಹೆಂಡತಿಯ ಕಡೆ ತಿರುಗಿದರು. ಮುಂದಿನ ಸಾಲಿನಲ್ಲಿ ಯಜಮಾನ ಕೈಕಟ್ಟು ಬಿಚ್ಚಿ, ಕುರ್ಚಿಯ ಕೆಳಗಿದ್ದ ಛತ್ರಿಗಾಗಿ ತಡಕಾಡತೊಡಗಿದ. ಮೇಷ್ಟ್ರಿಗೆ ಪುಸ್ತಕವು ಛತ್ರಿ ಹಿಡಿದು ಎದ್ದು ಹೊರಟಂತೆಯೇ ಕಂಡಿತು.

ರಂಗದ ಮೇಲೆ ಬಾಮೈದನೂ ಇದನ್ನು ನೋಡಿದ. ಆಗ ನಡೆಯುತ್ತಿದ್ದದ್ದು ಕಳ್ಳತನದ ದೃಶ್ಯ: ಜುಗ್ಗ ಮುದುಕ ಬೆಚ್ಚಿ ಬಾಯಿ ತೆರೆದು ನಿಂತಿರುತ್ತಾನೆ, ಆಳು ಸಮಾಧಾನ ಹೇಳಬೇಕು. ಭಾವನನ್ನು ಉಳಿಸಬೇಕೆಂಬ ಗಾಬರಿಯಲ್ಲಿ ಬಾಮೈದನಿಗೆ ಮುಂದಿನ ಮಾತು ಮರೆತೇ ಹೋಯಿತು. ಎದುರಿಗೆ ಅಗಲವಾಗಿ ತೆರೆದ ಒಂದು ಬಾಯಿ. ಅವನ ಕೈ ತಾನಾಗಿ ಮುದುಕನಾಗಿದ್ದ ಗ್ರಂಥಾಲಯದವನ ಗದ್ದ ಹಿಡಿಯಿತು.

"ಇನ್ನೂ ಸ್ವಲ್ಪ ಅಗಲ," ಎಂದ. "ಹಾಂ. ಎಷ್ಟು ದಿನದಿಂದ ನೋವು?"

ಟಿಣ್! ಟಿಣ್! ಟಿಣ್! ಮೇಷ್ಟ್ರು ಗಂಟೆಯನ್ನು ಗುದ್ದಿದರು. ವಿದೂಷಕತನ ಮರೆತುಹೋಯಿತು, ಪುಸ್ತಕ ಮರೆತುಹೋಯಿತು, ಯಜಮಾನನೂ ಮರೆತುಹೋದ. ಎರಡು ಸಾವಿರ ವರ್ಷದ ಪಠ್ಯದಲ್ಲಿ ಒಬ್ಬ ಹಲ್ಲಿನ ಡಾಕ್ಟರು ನುಗ್ಗಿದ್ದ.

"ನಿಲ್ಲಿಸು! ಮೂಲದಲ್ಲಿ ಹಲ್ಲಿನ ಪ್ರಸ್ತಾಪವೇ ಇಲ್ಲ!"

ರೋಗಿಗಳ ಸಾಲುಗಳಿಂದ ಎದ್ದ ನಗು ಚಾವಣಿಗೆ ಬಡಿಯಿತು.

"ಭಾವ, ಬಿಡಿ, ನಗ್ತಿದ್ದಾರೆ," ಎಂದು ಬಾಮೈದ ಗದ್ದ ಬಿಡದೆಯೇ ಪಿಸುಗುಟ್ಟಿದ.

"ನಗಲಿ! ನಕ್ಕ ಮಾತ್ರಕ್ಕೆ ಅದು ಮೂಲ ಆಗಲ್ಲ! ಇದು ಪ್ರಕ್ಷಿಪ್ತ! ಆ ಕಾಲದ ಆಳು ಒಡೆಯನ ಗದ್ದ ಮುಟ್ಟೋದು ಉಂಟೇನೋ? ಯಾವ ಹಸ್ತಪ್ರತಿಯಲ್ಲಿದೆ, ತೋರಿಸು!" ಮೇಷ್ಟ್ರು ಕಂತೆಯನ್ನು ಎತ್ತಿ ಅವನ ಮುಂದೆ ಹಿಡಿದರು. ಕಂತೆಯ ದಾರ ಬಿಚ್ಚಿ ಟಿಪ್ಪಣಿಗಳೆಲ್ಲ ಮಂಜಿನಂತೆ ರಂಗದ ತುಂಬ ಉದುರಿದವು. ಗಂಟೆ ಮತ್ತೆ ಆಗದಿದ್ದ ಕಾರಣ ಮುದುಕನ ಪಾತ್ರದವನು ಬಾಯಿ ಮುಚ್ಚಲಿಲ್ಲ. ತೆರೆದ ಬಾಯಿಂದಲೇ "ಆ, ಆ" ಎಂದು ಅಪ್ಪಣೆ ಕೇಳುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರಿದರು. ಯಜಮಾನನ ಛತ್ರಿ ಎಲ್ಲೋ ಉರುಳಿಹೋಗಿತ್ತು. ಅವನು ಪಕ್ಕದವರ ಹೆಗಲಿಗೆ ತಲೆಯಿಟ್ಟು ನಗುತ್ತಿದ್ದ, ಪಕ್ಕದವರು ಯಾರೆಂದೂ ಅವನಿಗೆ ಗೊತ್ತಿರಲಿಲ್ಲ.

ನಾಟಕ ಮುಗಿದ ಮೇಲೆ, ಬಿದ್ದ ಹಾಳೆಗಳನ್ನು ಆಯುತ್ತಿದ್ದ ಮೇಷ್ಟ್ರ ಎದುರು ಯಜಮಾನ ಬಂದು ನಿಂತ.

"ಮಾತು ಮಾತೇ. ಹಾಕ್ತೀನಿ, ಒಂದಕ್ಷರ ಬಿಡದೆ. ಆದ್ರೆ ಆ ಹಲ್ಲಿನ ಮಾತು ಇರಬೇಕು."

ಮೇಷ್ಟ್ರು ಮೊಣಕಾಲ ಮೇಲಿದ್ದ ಹಾಗೇ ತಲೆಯೆತ್ತಿದರು. ಜೀವಮಾನ ಕಾದ ಮಾತು ಎದುರಿಗೆ ನಿಂತಿತ್ತು.

"ಆಗಲ್ಲ," ಎಂದರು.

"ಯಾಕೆ ಆಗಲ್ಲ? ಎಲ್ಲಕ್ಕಿಂತ ಜಾಸ್ತಿ ನಕ್ಕಿದ್ದು ಅದಕ್ಕೇ."

"ಮೂಲದಲ್ಲಿಲ್ಲ. ಇಲ್ಲದ್ದನ್ನ ಸೇರಿಸಿದ್ರೆ ನಾನು ಅನುವಾದಕ ಅಲ್ಲ. ಬೇಡ ಬಿಡಿ. ನಿಮ್ಮ ಗೋದಾಮಿಗೆ ಶುಭವಾಗಲಿ."

ಬಾಮೈದ ಹಣೆ ಚಚ್ಚಿಕೊಂಡ. ಯಜಮಾನ ಹೊರಡಲು ತಿರುಗಿದ. ಇಬ್ಬರ ನಡುವೆ ಒಂದು ತೋಳಿನಲ್ಲಿ ಗುಲಾಬಿ ಪರದೆ ಹೊತ್ತುಕೊಂಡು ಹೆಂಡತಿ ಬಂದಳು.

"ರೀ, ಆ ಸಾಲು ಇರಲಿ ಬಿಡಿ," ಅಂದಳು. "ಅದರ ಕೆಳಗೆ ಒಂದು ಟಿಪ್ಪಣಿ ಬರೀರಿ. ಇದು ಮೂಲದಲ್ಲಿಲ್ಲ, ಬಾಮೈದ ಸೇರಿಸಿದ್ದು, ಯಾಕೆ ತಪ್ಪು ಅಂತೆಲ್ಲ."

ಮೇಷ್ಟ್ರು ಆಯುವುದನ್ನು ನಿಲ್ಲಿಸಿದರು. ಆಮೇಲೆ ಯಜಮಾನನ ಕಡೆ ತಿರುಗಿ, ತುಂಬ ಮೆಲ್ಲಗೆ ಕೇಳಿದರು:

"ಎಷ್ಟು ಉದ್ದ ಬರೀಬಹುದು?"

"ನಿಮ್ಮ ಸಿಟ್ಟು ಎಷ್ಟಿದೆಯೋ ಅಷ್ಟು."

ಪುಸ್ತಕ ಬಂತು, ಆ ಪ್ರೆಸ್ಸಿನ ಕೊನೆಯ ಪುಸ್ತಕ. ಇಡೀ ನಾಟಕ ಓದಿದವರು ಯಾರೆಂದು ಯಾರೂ ವಿಚಾರಿಸಲಿಲ್ಲ. ಆದರೆ ಗ್ರಂಥಾಲಯದ ಪ್ರತಿ ಒಂದೇ ಜಾಗದಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ, ಅಂಚು ಕಪ್ಪಾಗುವಷ್ಟು ಬೆರಳಾಡಿದ ಆ ಹಲ್ಲಿನ ಮಾತಿನ ಪುಟದಲ್ಲಿ. ಬಾಮೈದನ ಕ್ಲಿನಿಕ್ಕಿನಲ್ಲಿ ಕಾಯುವ ರೋಗಿಗಳು ಅಲ್ಲಿನ ಪ್ರತಿಯಲ್ಲೂ ಅದನ್ನೇ ಹುಡುಕಿ ಓದಿ, ನೋಯುವ ದವಡೆ ಹಿಡಿದುಕೊಂಡು ನಗುತ್ತಾರೆ. ಹಲ್ಲು ತೋರಿಸಲು ಹೋದ ಮೇಷ್ಟ್ರು ಒಂದು ಸಲ ಇದನ್ನು ಕಣ್ಣಾರೆ ಕಂಡರು. ನಗುತ್ತಿದ್ದವನ ಹೆಗಲ ಮೇಲಿಂದ ಬಗ್ಗಿ, ಅವನು ಯಾವ ವಾಕ್ಯಕ್ಕೆ ನಗುತ್ತಿದ್ದಾನೆಂದು ಬೆರಳಿಟ್ಟು ತೋರಿಸುವಂತೆ ಕೇಳಿದರು. ಮುಂದಿನ ಮುದ್ರಣಕ್ಕೆ ಅಲ್ಲೊಂದು ವಿವರಣೆ ಬೇಕಾದೀತು ಎಂಬುದು ಅವರ ಅಂದಾಜು. ಆ ಪುಟದಲ್ಲಿ ಮೇಲುಗಡೆ ಒಂದೇ ಒಂದು ಸಾಲು ನಾಟಕ. ಮಿಕ್ಕದ್ದೆಲ್ಲ ಮೇಷ್ಟ್ರು.